ಇಟಲಿಯ ಹಪ್ಪಳ

ನನಗೆ ಮೂಗಿದೆ, ವಾಸನೆ ಮಾತ್ರ ತಿಳಿಯುವುದಿಲ್ಲ. ಇಪ್ಪತ್ತಾರು ವರ್ಷ ತೆರಕಣಾಂಬಿಯ ಶಾಲೆಯಲ್ಲಿ ಸೀಮೆಸುಣ್ಣದ ಪುಡಿ ಸೇವಿಸಿದ್ದರ ಫಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಅದೆಲ್ಲ ಏನಿಲ್ಲ, ನೆಗಡಿ ಬಂದಾಗ ಔಷಧಿ ತೆಗೆದುಕೊಳ್ಳದೆ ಉದಾಸೀನ ಮಾಡಿದ್ದೀರಿ ಎಂದು ಡಾಕ್ಟರು ಹೇಳುತ್ತಾರೆ. ಸೀಮೆಸುಣ್ಣದ ಕಥೆಯಲ್ಲಿ ಸ್ವಲ್ಪ ತ್ಯಾಗ ಇರುವುದರಿಂದ ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಮೂಗು ಕೈಕೊಟ್ಟರೆ ಕಷ್ಟವೇನೋ ಇದೆ. ಒಲೆಯ ಮೇಲೆ ಸಾರು ಸೀದರೆ ಪಕ್ಕದ ಮನೆಯವರು ಬಂದು ಹೇಳಬೇಕು. ಆದರೆ ಲಾಭವೂ ಉಂಟು. ಕೇರಳದ ಕಡೆಯಿಂದ ಬರುವ ಬಸ್ಸಿನಲ್ಲಿ ಒಣಮೀನಿನ ಚೀಲದ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತದೆ. ಅದು ನನ್ನದು.

ಈ ಮೂಗಿನ ಪುರಾಣ ಈಗ ಯಾಕೆ ಬಂತೆಂದರೆ, ಬೆಳಗ್ಗೆ ಬೀರು ಜೋಡಿಸುವಾಗ ಒಂದು ಬಿಳಿ ಪಂಚೆ ಸಿಕ್ಕಿತು. ನನ್ನ ತಮ್ಮನದು. ಒಗೆದು ಕೊಡುತ್ತೇನೆ ಎಂದು ತಂದಿದ್ದೆ. ಸೋಪಿನ ಪುಡಿ ಹಾಕಿ ಒಗೆದೆ, ಸೀಗೆಪುಡಿ ಹಾಕಿ ಉಜ್ಜಿದೆ, ಬಿಸಿನೀರಲ್ಲಿ ಕುದಿಸಿದೆ. ಏನು ಮಾಡಿದರೂ ಅದರ ಮೇಲಿನ ಹನ್ನೆರಡು ಜಿಡ್ಡಿನ ಕಲೆಗಳು ಹೋಗಿಲ್ಲ. ನಾಲ್ಕು ನಾಲ್ಕರಂತೆ ಮೂರು ಸಾಲು. ಸಾಲು ನೆಟ್ಟಗಿದೆ. ಮೇಷ್ಟ್ರು ಕೆಲಸ ನೋಡಿ, ಏನು ಹರಡಿದರೂ ಸಾಲು ತಪ್ಪುವುದಿಲ್ಲ. ಆ ಕಲೆಗಳ ಕಥೆಯನ್ನೇ ಹೇಳಬೇಕು. ಆದರೆ ಮೊದಲು ಅವ್ವನ ವಿಚಾರ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಅವ್ವನಿಗೆ ಈಗ ಎಪ್ಪತ್ತೆರಡು. ನನ್ನ ಜೊತೆಯಲ್ಲೇ ಇದ್ದಾಳೆ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ದಿನವಿಡೀ ಯಾರಿಗಾದರೂ ಒಂದು ಬೈಗುಳ. ನಾವು ಭೀಮನಬೀಡಿನಲ್ಲಿದ್ದಾಗ ಬೇಸಿಗೆ ಬಂತೆಂದರೆ ಅವ್ವನ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಶುರುವಾಗುತ್ತಿದ್ದವು. ಅದಕ್ಕೆ ಕಾಗೆ ಕಾಯುವ ಕೆಲಸ ನನಗೂ ನನ್ನ ತಮ್ಮ ಮಾದೇಶನಿಗೂ. ತಲೆಗೊಂದು ಟವಲ್ಲು, ಕೈಗೊಂದು ಕೋಲು. ನಾವು ಕಾದಷ್ಟು ನಿಷ್ಠೆಯಿಂದ ಯಾರೂ ಕಾಗೆ ಕಾದಿರಲಾರರು, ಯಾಕೆಂದರೆ ಕಾಗೆಗೆ ಒಂದು ಚೂರೂ ಬಿಡದೆ ನಾವೇ ತಿನ್ನುತ್ತಿದ್ದೆವು. ಅರ್ಧ ಒಣಗಿದ ಹಪ್ಪಳ ಇದೆಯಲ್ಲ, ಮೇಲೆ ಗರಿ, ಒಳಗೆ ಮೆತ್ತಗೆ, ಇಂಗು ಉಪ್ಪು ಖಾರ ನಾಲಿಗೆಗೆ ಅಂಟಿಕೊಂಡು... ಈಗಲೂ ಎಲ್ಲಾದರೂ ಹಪ್ಪಳ ಹರಡಿದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಸಂಜೆ ಅವ್ವ ಬಂದು ಬಟ್ಟೆಯ ಮೇಲೆ ಕಣ್ಣಾಡಿಸಿದರೆ ಸಾಕು, ಎಷ್ಟು ಹೋಗಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

"ಎರಡು ಕಾಲಿನ್ ಕಾಗೆ ತಿಂದದ್ದೆಷ್ಟು, ನಾಕು ಕಾಲಿನ್ ಕಾಗೆ ತಿಂದದ್ದೆಷ್ಟು, ಬಾಯ್ಬುಡಿ" ಎನ್ನುತ್ತಿದ್ದಳು. ನಾಲ್ಕು ಕಾಲಿನ ಕಾಗೆ ಎಂದರೆ ನಾವಿಬ್ಬರು, ಒಟ್ಟಿಗೆ ಲೆಕ್ಕ.

ಮಾದೇಶ ಒಂಬತ್ತು ವರ್ಷದವನಾಗಿದ್ದಾಗ ಸ್ನೇಹಿತನ ಮನೆಯಲ್ಲಿ ಬೇಯಿಸಿದ ಮೊಟ್ಟೆ ತಿಂದು ಬಂದ. ಮುಚ್ಚಿಡುವ ಬುದ್ಧಿಯಾದರೂ ಬೇಡವೇ? ಸಂತೋಷ ತಡೆಯಲಾರದೆ ಅಂಗಳದಿಂದಲೇ ಕೂಗಿಕೊಂಡು ಬಂದ. "ಅವ್ವಾ, ಅದರೊಳಗ ಹಳದಿ ಉಂಡೆ ಅದ ಕನವ್ವಾ!" ಅವ್ವ ಅವನನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ ಹನ್ನೊಂದು ಕೊಡ ತಣ್ಣೀರು ಸುರಿದು, ಮೈಗೆಲ್ಲ ವಿಭೂತಿ ಬಳಿದು, ಮೂರು ದಿನ ಅಡುಗೆಮನೆಯ ಹೊಸಿಲು ದಾಟಿಸಲಿಲ್ಲ. ಅವನು ಚಳಿಯಲ್ಲಿ ಹಲ್ಲು ಕಡಿಯುತ್ತಾ ನನ್ನ ಕಿವಿಯಲ್ಲಿ, "ಆದ್ರೂ ಚೆಂದಾಗಿತ್ತು ಕನಕ್ಕ" ಎಂದ. ಅವತ್ತೇ ನನಗೆ ಇವನ ದಾರಿ ಬೇರೆ ಎಂದು ಅನುಮಾನ ಬಂದಿತ್ತು.

ಅನುಮಾನ ನಿಜವಾಯಿತು. ದೊಡ್ಡವನಾದ ಮೇಲೆ ಗುಂಡ್ಲುಪೇಟೆಯಲ್ಲಿ ಗೂಡ್ಸ್ ಗಾಡಿ ಇಟ್ಟ. ಟೊಮೆಟೊ, ಬೀನ್ಸು, ಸಣ್ಣ ಈರುಳ್ಳಿ ತುಂಬಿಕೊಂಡು ಕಾಡು ದಾಟಿ ವಯನಾಡಿಗೆ ಹೋಗುವುದು, ಅಲ್ಲಿಂದ ಬಾಳೆಕಾಯಿ ತುಂಬಿಕೊಂಡು ಬರುವುದು. ಹೀಗೆ ಹೋಗಿ ಬಂದು ಮಾಡುತ್ತಾ ಒಂದು ದಿನ ಬಾಳೆಕಾಯಿಯ ಬದಲು ಲಿಸಿಯನ್ನು ಕರೆದುಕೊಂಡು ಬಂದ. ಲಿಸಿ ಅಲ್ಲಿಯ ಕ್ರೈಸ್ತರ ಹುಡುಗಿ. ಅವರ ಮನೆಯಲ್ಲಿ ಊಟಕ್ಕೆ ಇಂಥದ್ದು ಆಗುವುದಿಲ್ಲ ಎಂಬುದೇ ಇಲ್ಲ.

ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಇಬ್ಬರ ತಲೆಯ ಮೇಲೂ ಕೈಯಿಟ್ಟು ಒಂದೇ ಉಸಿರಿಗೆ ಎರಡು ಮಾತು ಹೇಳಿದಳು. "ಸುಖ್ವಾಗಿರಿ ಮಕ್ಕಳಾ. ನಿಮ್ಮನೇಲಿ ಮಾತ್ರ ನಾನು ನೀರ್ ಕುಡಿಯಲ್ಲ."

ಒಂಬತ್ತು ವರ್ಷ ಎರಡು ಮಾತನ್ನೂ ಹಾಗೇ ನಡೆಸಿಕೊಂಡು ಬಂದಳು. ಮೊಮ್ಮಗಳು ನಿಮ್ಮಿ ಹುಟ್ಟಿದಾಗ ಬಾಣಂತಿಗೆ ತಾನೇ ಲೇಹ ಮಾಡಿ ಕೊಟ್ಟಳು. ಪ್ರತಿ ಹುಟ್ಟುಹಬ್ಬಕ್ಕೂ ತಪ್ಪದೆ ಬಂದಳು. ಬರುವಾಗ ತಿರುಪಿನ ಮುಚ್ಚಳದ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಕೊಂಡು ಬರುವಳು. ಅದು ನಮ್ಮಜ್ಜಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ಹೊತ್ತಿದ್ದ ಚೊಂಬು. ತಮ್ಮನ ಮನೆಯ ಜಗಲಿಯಲ್ಲಿ ಕೂತು, ಎಲ್ಲರನ್ನೂ ಮಾತಾಡಿಸಿ, ಬೈದು, ನಗಿಸಿ, ತನ್ನ ಚೊಂಬಿನ ನೀರು ಎತ್ತಿ ಕುಡಿದು, ಹೊರಡುವಳು. ಚೊಂಬು ಬರಿದಾದರೆ ನನ್ನನ್ನು ಎದುರು ಮನೆಗೆ ಕಳಿಸುವಳು. ಎದುರು ಮನೆಯವರು ನಮ್ಮ ಪೈಕಿ.

ಲಿಸಿಯ ಹಟವೂ ಕಮ್ಮಿಯದಲ್ಲ. ಅವಳು ಒಂದು ದಿನವೂ "ಕುಡಿಯಿರಿ" ಎಂದು ಕೇಳಲಿಲ್ಲ. ಆದರೆ ಅವ್ವ ಬಂದು ಕೂತ ತಕ್ಷಣ ಒಂದು ಲೋಟ ನೀರು ತಂದು, ಮೇಲೊಂದು ತಟ್ಟೆ ಮುಚ್ಚಿ, ಪಕ್ಕದಲ್ಲಿಟ್ಟು ಹೋಗುವಳು. ಅವ್ವ ಹೋದ ಮೇಲೆ ಅದನ್ನು ಹಾಗೇ ಎತ್ತಿಕೊಂಡು ಹೋಗಿ ಕರಿಬೇವಿನ ಗಿಡಕ್ಕೆ ಹಾಕುವಳು. ಒಮ್ಮೆ ಅವಳು ಗಿಡದ ಹತ್ತಿರ ಖಾಲಿ ಲೋಟ ಹಿಡಿದು ಸುಮ್ಮನೆ ನಿಂತಿದ್ದನ್ನು ನಾನು ಕಂಡೆ. ಆ ಕರಿಬೇವು ಮಾತ್ರ ಸೊಂಪಾಗಿ ಬೆಳೆದಿದೆ, ನಮ್ಮ ಮನೆಗೂ ಅದರದ್ದೇ ಸೊಪ್ಪು.

ಹೋದ ಬೇಸಿಗೆಯಲ್ಲಿ ನಿಮ್ಮಿಗೆ ಎಂಟು ತುಂಬುವ ಹೊತ್ತಿಗೆ ನಾನು ಇದಕ್ಕೊಂದು ಕೊನೆ ಹಾಡಲೇಬೇಕು ಎಂದು ಸೊಂಟ ಕಟ್ಟಿದೆ. ಆ ಕೂಸು ಈ ಸಲ ಕೇಕ್ ಬೇಡ, ಪಿಜ್ಜಾ ಬೇಕು ಎಂದಿತ್ತು. ಅದೂ ಅಂಗಡಿಯದಲ್ಲ. ಲಿಸಿಯ ಅಕ್ಕ ಇಟಲಿಯಲ್ಲಿ ನರ್ಸ್. ಆ ದೊಡ್ಡಮ್ಮ ರಜೆಗೆ ಬಂದಿದ್ದಾಗ, ಅಲ್ಲಿ ಮನೆಯಲ್ಲೇ ಹೇಗೆ ರೊಟ್ಟಿ ತಟ್ಟಿ, ಸುಟ್ಟು, ಮೇಲೆ ಹಸಿ ಸೊಪ್ಪು ಹರಡುತ್ತಾರೆ ಎಂದು ಮಾಡಿ ತೋರಿಸಿ ಹೋಗಿದ್ದಳು. ಸೊಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಸೊಪ್ಪು ಎಂದರೆ ಅವ್ವನಿಗೆ ಪ್ರಾಣ. ಒಂದು ಹದ ಮಳೆ ಬಿದ್ದರೆ ಸಾಕು, ಹೊಲದ ಸಾಲಲ್ಲಿ ಬಗ್ಗಿಕೊಂಡು ಅಣ್ಣೆ, ಗಣಿಕೆ, ಕಿರಕಸಾಲೆ ಎಂದು ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಾಳೆ. ಅವ್ವನ ಸೊಪ್ಪು, ಲಿಸಿಯ ರೊಟ್ಟಿ. ತಾನು ಕಿತ್ತ ಸೊಪ್ಪನ್ನು ಬೇಡ ಎನ್ನಲು ಅವ್ವನಿಗೆ ಬಾಯಿ ಬರಬಾರದು, ಅದು ನನ್ನ ಲೆಕ್ಕಾಚಾರ.

ಫೋನು ಮಾಡಿ ತಮ್ಮನಿಗೆ ಷರತ್ತು ಹಾಕಿದೆ. ಕಾವಲಿ ಹೊಸದು, ಪಾತ್ರೆ ಹೊಸದು, ಚಾಕು ಹೊಸದು. ವಾರದ ಮುಂಚೆಯೇ ಅಡುಗೆಮನೆ ತೊಳೆದಿರಬೇಕು.

"ಅವತ್ತು ಮನೇಲಿ ಮೊಟ್ಟೆ ಅನ್ನೋ ಹೆಸ್ರೂ ಎತ್ತಲ್ಲ ಬುಡಕ್ಕ" ಎಂದ.

"ಅವ್ವಂಗೆ ನಾನು ಆಣೆ ಮಾಡಿ ಹೇಳ್ತೀನಿ ಕಣೋ, ಮನೆ ಶುದ್ಧವಾಗಿದೆ ಅಂತ. ನನ್ ಮಾನ ಕಳೀಬೇಡ."

"ಮಾದಪ್ಪನಾಣೆ ಕನಕ್ಕ."

ಹುಟ್ಟುಹಬ್ಬ ಸೋಮವಾರ ಬಂದಿತ್ತು. ಅವ್ವನಿಗೂ ನನಗೂ ಸೋಮವಾರ ಒಪ್ಪತ್ತು, ಮಧ್ಯಾಹ್ನದ ಮೇಲೆ ಒಂದೇ ಊಟ. ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಹೊರಟೆವು. ಅವ್ವನ ಒಂದು ಕೈಯಲ್ಲಿ ಸೊಪ್ಪಿನ ಗಂಟು, ಇನ್ನೊಂದು ಕೈಯಲ್ಲಿ ಚೊಂಬು. ದಾರಿಯುದ್ದಕ್ಕೂ ಮನೆ ಎಷ್ಟು ಶುದ್ಧವಾಗಿದೆ ಎಂದು ನಾನು ಪಾಠ ಒಪ್ಪಿಸಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಾ, "ನೋಡವ" ಎಂದಳು. ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟೇ ಸಾಕಾಯಿತು.

ನಾವು ಹೋದಾಗ ಮನೆಯಲ್ಲಿ ನಿಮ್ಮಿ ಒಬ್ಬಳೇ. ಊರಿನಲ್ಲಿ ಸರಿಯಾದ ಚೀಸ್ ಸಿಗಲಿಲ್ಲವೆಂದು ಗಂಡ ಹೆಂಡತಿ ಬೈಕಿನಲ್ಲಿ ಚಾಮರಾಜನಗರಕ್ಕೆ ಹೋಗಿದ್ದರು. ಹೋಗುತ್ತಾ ಬರುತ್ತಾ ಎರಡು ಮೂರು ಗಂಟೆಯ ಕೆಲಸ. ಯಜಮಾನರಿಲ್ಲದ ಅಡುಗೆಮನೆ ಕಂಡರೆ ನನಗೆ ಮೇಲ್ವಿಚಾರಣೆ ಮಾಡುವ ಚಪಲ ಬರುತ್ತದೆ. ಸೊಪ್ಪು ಇಡಲೆಂದು ಫ್ರಿಜ್ಜು ತೆಗೆದೆ. ಕೆಳಗಿನ ತರಕಾರಿ ಟ್ರೇಯಲ್ಲಿ, ಕ್ಯಾರೆಟ್ಟಿನ ಅಡಿಯಲ್ಲಿ, ಒಂದು ಪೊಟ್ಟಣ.

ತೆಗೆದು ನೋಡಿದೆ. ಹಾಳೆಯಷ್ಟು ತೆಳ್ಳಗಿನ ಕೆಂಪು ಬಿಲ್ಲೆಗಳು, ಒಂದೊಂದರ ಮಧ್ಯೆ ಒಂದೊಂದು ಪ್ಲಾಸ್ಟಿಕ್ ಹಾಳೆ. ಹಪ್ಪಳ! ಯಾರಿಗಾದರೂ ಗೊತ್ತಾಗುತ್ತದೆ, ಹಪ್ಪಳ ಅಂಟದಿರಲಿ ಎಂದು ಹೀಗೆಯೇ ಹಾಳೆ ಇಡುವುದು. ಕೆಂಪಾಗಿದ್ದದ್ದರಿಂದ ಬೀಟ್‌ರೂಟಿನದು. ಅಂಚಿನಲ್ಲಿ ಬಿಳಿ ಪಟ್ಟಿ ಇದ್ದದ್ದರಿಂದ ಅಕ್ಕಿಹಿಟ್ಟು ಸರಿಯಾಗಿ ಬೆರೆತಿಲ್ಲ. ಮುಟ್ಟಿದರೆ ತಣ್ಣಗೆ, ಜಿಡ್ಡುಜಿಡ್ಡು. ಲಟ್ಟಿಸುವಾಗ ಎಣ್ಣೆ ಜಾಸ್ತಿ ಸವರಿದ್ದಾರೆ. ಮೇಲಿನ ಚೀಟಿಯಲ್ಲಿದ್ದದ್ದು ಇಂಗ್ಲಿಷ್ ಅಕ್ಷರ, ಆದರೆ ಇಂಗ್ಲಿಷ್ ಅಲ್ಲ. ಲಿಸಿಯ ತವರಿನವರು ಮಲಯಾಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ್ದಾರೆ ಎಂದು ತೀರ್ಮಾನಿಸಿದೆ. ಮೂಗಿನ ಹತ್ತಿರ ಹಿಡಿದೂ ನೋಡಿದೆ. ನನ್ನ ಮೂಗಿನ ವಿಷಯ ನಿಮಗೆ ಮೊದಲೇ ಹೇಳಿದ್ದೇನೆ.

"ಈ ಕಾಲದ ಹೆಣ್ಮಕ್ಕಳಿಗೆ ಏನು ಹೇಳೋದು? ಹಸಿ ಹಪ್ಪಳನ ಯಾರಾದ್ರೂ ಫ್ರಿಜ್ಜಲ್ಲಿಡ್ತಾರಾ? ಬೂಸ್ಟು ಹಿಡಿಯಲ್ವಾ?" ಎಂದು ನನಗೆ ನಾನೇ ಹೇಳಿಕೊಂಡೆ. ಮೇಲೆ ಬೆಂಕಿಯಂಥ ಬಿಸಿಲು ಸುಮ್ಮನೆ ಪೋಲಾಗುತ್ತಿತ್ತು. ತಮ್ಮನ ಬಿಳಿ ಪಂಚೆಯೊಂದನ್ನು ಎಳೆದುಕೊಂಡು ತಾರಸಿಗೆ ಹೋಗಿ, ಹನ್ನೆರಡನ್ನೂ ನಾಲ್ಕು ನಾಲ್ಕರಂತೆ ಸಾಲಾಗಿ ಹರಡಿದೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಲು ಕೈ ಹೋಯಿತು. ಹಳೆಯ ಚಾಳಿ. ಅಷ್ಟರಲ್ಲಿ ಸೋಮವಾರ ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು. ಶಿವ ಎಷ್ಟು ಹತ್ತಿರದಲ್ಲಿ ನಿಂತು ನನ್ನನ್ನು ಕಾಪಾಡಿದ ಎಂಬುದನ್ನು ನೆನೆದರೆ ಈಗಲೂ ಬೆವರುತ್ತೇನೆ.

ಹರಡಿಯಾಯಿತು, ಕಾಯುವವರು ಬೇಕಲ್ಲ. ಅವ್ವನನ್ನು ಕರೆದೆ. "ಲಿಸಿ ಹಪ್ಪಳ ಇಟ್ಟಿದ್ಲು, ಒಣಗಾಕಿದ್ದೀನಿ. ಸ್ವಲ್ಪ ಕಾಗೆ ನೋಡ್ಕೋತೀಯಾ?" ಕೆಲಸ ಎಂದರೆ ಅವ್ವ ಬೇಡ ಎನ್ನುವವಳಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಕುರ್ಚಿ, ಕೊಡೆ, ಚೊಂಬು, ಒಂದು ಉದ್ದನೆಯ ಕೋಲು ಎಲ್ಲ ಕೊಟ್ಟೆ. ಅವ್ವ ಬಗ್ಗಿ ಬಟ್ಟೆಯ ಕಡೆ ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು.

"ಇದೇನಮ್ಮಿ ಇದು?"

"ಬೀಟ್‌ರೂಟ್ ಹಪ್ಪಳ ಕಣವ್ವ."

"ಓಹೋ" ಎಂದು ಕೂತಳು. ಪಕ್ಕದಲ್ಲಿ ನಿಮ್ಮಿ ಅಜ್ಜಿಯ ಜೊತೆ ಹರಟೆ ಶುರುಮಾಡಿತು. ನಾನು ಕೆಳಗಿಳಿದು ಬಂದು, ಲಿಸಿ ಚೀಟಿಯಲ್ಲಿ ಬರೆದಿಟ್ಟಿದ್ದ ಪ್ರಕಾರ ಮೈದಾ, ಈಸ್ಟು, ಎಣ್ಣೆ ಕಲಸಿ ನಾದಲು ನಿಂತೆ. ಎರಡು ಗಂಟೆಯಲ್ಲಿ ಹಿಟ್ಟು ಉಬ್ಬಿ ಪಾತ್ರೆ ದಾಟಿತು. ಮೇಲಿನಿಂದ ಆಗಾಗ ಕೋಲು ಬಡಿಯುವ ಸದ್ದು, "ಹುಶ್, ಹಾಳಾದ್ದೇ" ಎಂಬ ಬೈಗುಳ. ಬೆಳಿಗ್ಗೆಯಿಂದ ಎಲ್ಲವೂ ಎಷ್ಟು ಸುಸೂತ್ರವಾಗಿ ನಡೆಯುತ್ತಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗಂಡ ಹೆಂಡತಿ ಬಂದರು. ಲಿಸಿ ಚೀಸ್ ಇಡಲು ಫ್ರಿಜ್ಜು ತೆಗೆದಳು. ಟ್ರೇ ಎಳೆದಳು. ಕ್ಯಾರೆಟ್ಟನ್ನೆಲ್ಲ ಎತ್ತಿಟ್ಟಳು.

"ಚೇಚಿ, ಇಲ್ಲಿ ಒಂದು ಪ್ಯಾಕೆಟ್ ಇತ್ತಲ್ಲ?" ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ, ಅವಳು ನನ್ನನ್ನು ಕರೆಯುವುದೇ ಹಾಗೆ.

"ಅದನ್ನ ಒಣಗಾಕಿದ್ದೀನಿ ಕಣಮ್ಮ" ಎಂದೆ, ಉಬ್ಬಿದ ಹಿಟ್ಟನ್ನು ಮತ್ತೊಮ್ಮೆ ನಾದುತ್ತಾ. "ಹಪ್ಪಳ ಹೀಗಾ ಇಡೋದು?"

ಲಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. "ಎಂಡೆ ಕರ್ತಾವೇ!" ಅವಳು ದೇವರನ್ನು ಅವಳ ಭಾಷೆಯಲ್ಲಿ ಕರೆದಳೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಮಾದೇಶನ ಮುಖ ಬಿಳುಚಿಕೊಂಡಿತು. ನನ್ನ ಹತ್ತಿರ ಬಂದು, ಮೊಟ್ಟೆ ತಿಂದ ದಿನ ಮಾತಾಡಿದ ಹಾಗೆಯೇ ಕಿವಿಯಲ್ಲಿ ಹೇಳಿದ. "ಅಕ್ಕಾ, ಅದು ಹಂದಿ ಕನಕ್ಕ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

ಆಮೇಲೆ ಗೊತ್ತಾದದ್ದು ಇಷ್ಟು. ಹಂದಿಯ ತೊಡೆಗೆ ಉಪ್ಪು ಹಚ್ಚಿ, ತಿಂಗಳುಗಟ್ಟಲೆ ಗಾಳಿಗೆ ನೇತುಹಾಕಿ, ಆಮೇಲೆ ತೆಳ್ಳಗೆ ಹೆರೆಯುವ ಹ್ಯಾಮ್ ಅದು. ಇಟಲಿಯಲ್ಲಿ ಅದನ್ನು ಬೇಯಿಸುವುದೂ ಇಲ್ಲವಂತೆ, ಬಿಸಿ ಪಿಜ್ಜಾದ ಮೇಲೆ ಹಸಿ ಸೊಪ್ಪಿನ ಜೊತೆ ಹಾಗೇ ಹಾಸುತ್ತಾರಂತೆ. ಲಿಸಿಯ ಅಕ್ಕ ಅಷ್ಟು ದೂರದಿಂದ ನಿಮ್ಮಿಗಾಗಿ ತಂದುಕೊಟ್ಟಿದ್ದಳು. ನಾವು ಸಂಜೆ ಹೊರಟ ಮೇಲೆ, ಅವರ ಪಾಡಿಗೆ ಅವರು ಇನ್ನೊಂದು ಪಿಜ್ಜಾ ಮಾಡಿಕೊಂಡು ತಿನ್ನೋಣ ಎಂದು ಕ್ಯಾರೆಟ್ಟಿನ ಅಡಿ ಬಚ್ಚಿಟ್ಟಿದ್ದರು. ಅವರ ಮನೆ, ಅವರ ಫ್ರಿಜ್ಜು, ಅವರ ಹ್ಯಾಮು. ಕೈ ಹಾಕಿದವಳು ನಾನು.

ಹಂದಿ ಮುಟ್ಟಿದೆನಲ್ಲ ಎಂಬುದು ನನಗೆ ಆಗ ತಲೆಗೇ ಹೋಗಲಿಲ್ಲ. ತಲೆಯಲ್ಲಿ ಇದ್ದದ್ದು ಮೇಲೆ ಕೊಡೆ ಹಿಡಿದು ಕೂತಿದ್ದವಳು. ಮನೆ ಶುದ್ಧವಾಗಿದೆ ಎಂದು ಬಸ್ಸಿನ ತುಂಬ ಆಣೆ ಇಟ್ಟುಕೊಂಡು ಬಂದವಳು ನಾನು. ಅದೇ ನಾನು ಅವ್ವನನ್ನು ಹಂದಿ ಮಾಂಸಕ್ಕೆ ಕಾವಲು ಕೂರಿಸಿದ್ದೆ. ಗೊತ್ತಾದರೆ ಅವಳು ಇನ್ನು ಈ ಮನೆಯ ಜಗಲಿಯನ್ನೂ ಹತ್ತುವುದಿಲ್ಲ. ನೀರಿನ ಮಾತು ಹಾಗಿರಲಿ, ಹುಟ್ಟುಹಬ್ಬಕ್ಕೆ ಬರುವುದೂ ನಿಂತುಹೋಗುತ್ತದೆ. ಅತ್ತುಬಿಡುವುದೊಂದೇ ಬಾಕಿ.

"ಗೊತ್ತಾಗದ ಹಂಗ ಎತ್ಕೊಂಡ್ ಬಂದ್ಬುಡನ" ಎಂದ ಮಾದೇಶ. ಮೂವರೂ ಕಳ್ಳಬೆಕ್ಕುಗಳಂತೆ ಮೆಟ್ಟಿಲು ಹತ್ತಿದೆವು.

ಅವ್ವ ಕೊಡೆಯ ಕೆಳಗೆ ನೆಟ್ಟಗೆ ಕೂತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಹ್ಯಾಮು ಮುರುಟಿಕೊಂಡು, ಕೊಬ್ಬು ಕರಗಿ ಪಂಚೆಗೆ ಇಳಿದಿತ್ತು.

"ಸಾಕು ಬುಡವ್ವ, ಮೋಡ ಆಗದ. ಎತ್ಬುಡ್ತೀನಿ" ಎಂದ ಮಾದೇಶ. ಆಕಾಶದಲ್ಲಿ ಅಂಗೈಯಗಲ ಮೋಡವಿರಲಿಲ್ಲ.

"ಎಲ್ಲಿದ್ದದ್ಲಾ ಮೋಡ? ಇನ್ನೊಂದರ್ಧ ಗಂಟೆ ಬುಡು. ಕೆಳಗಡೆ ಇನ್ನೂ ಹಸಿ ಅದ."

"ಬೇಡ ಕಣವ್ವ, ಇದು ಜಾಸ್ತಿ ಒಣಗಬಾರದಂತೆ" ಎಂದೆ ನಾನು.

"ಯಾರಂದದ್ದು? ಹಪ್ಪಳ ಒಣಗ್ಸದ ನಂಗ ಹೇಳ್ಕೊಡ್ತಿಯಾ?" ಎಂದು ಕೋಲು ನೆಲಕ್ಕೆ ಬಡಿದಳು. ಆಮೇಲೆ ಲಿಸಿಯ ಕಡೆ ತಿರುಗಿದಳು. ದನಿ ಸ್ವಲ್ಪ ತಗ್ಗಿತು. "ಹನ್ನೆರಡಿದ್ದೊ ಕನವ್ವ, ಹನ್ನೊಂದವ. ಒಂದ ಹದ್ದು ಎತ್ಕೊಂಡೋಯ್ತು. ನಾನು ಕೊಡೆ ಬೀಸ್ದೆ, ಆದ್ರೂ ಆಗ್ನಿಲ್ಲ. ಬೇಜಾರ್ ಮಾಡ್ಕಬೇಡ."

ಲಿಸಿ ತಲೆಯಾಡಿಸಿ, ಪಂಚೆ ಮಡಚಿ ಎದೆಗೆ ಅವಚಿಕೊಂಡು ಕೆಳಗೆ ಓಡಿದಳು. ಅಡುಗೆಮನೆಯಲ್ಲಿ ಫೋನು ಮಾಡಿ ಅಕ್ಕನಿಗೆ ಹೇಳಿದಳು. ಅತ್ತಲಿಂದ ನಗುವಿನ ಸದ್ದು ನನ್ನ ತನಕ ಕೇಳಿಸಿತು. "ವರ್ಷಪೂರ್ತಿ ಗಾಳಿಗೆ ಇಟ್ಟದ್ದೇ, ಇನ್ನೆರಡು ಗಂಟೆಗೆ ಏನಾಗಲ್ಲ ಅಂತಾಳೆ ನಮ್ಮಕ್ಕ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಗುತ್ತಲೂ ಇದ್ದಳು. ಕೆಲವರು ಹಾಗೆ ಎರಡನ್ನೂ ಒಟ್ಟಿಗೆ ಮಾಡಬಲ್ಲರು, ನನಗೆ ಆಗುವುದಿಲ್ಲ. ನಾನು ಕೈಯನ್ನು ಮೂರನೆಯ ಸಲ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ.

ಪಿಜ್ಜಾ ಮಾಡಲೇಬೇಕಿತ್ತು, ಕೂಸು ಕಾಯುತ್ತಿತ್ತು. ಲಿಸಿ ಹಿಟ್ಟನ್ನು ಬೆರಳಲ್ಲಿ ಒತ್ತಿ ಒತ್ತಿ ಅಗಲ ಮಾಡಿ, ಹೊಸ ಕಾವಲಿಯ ಮೇಲೆ ಹಾಕಿ, ಟೊಮೆಟೊ ಗೊಜ್ಜು ಸವರಿ, ಚೀಸ್ ಉದುರಿಸಿ, ಮೇಲೊಂದು ಪಾತ್ರೆ ಕವುಚಿ ಸಣ್ಣ ಉರಿಯಲ್ಲಿಟ್ಟಳು. ಸೊಪ್ಪನ್ನು ಹಸಿಯಾಗಿಯೇ ಹಾಕುವುದು ಎಂದದ್ದು ತಾರಸಿಯಿಂದ ಇಳಿದು ಜಗಲಿಯಲ್ಲಿ ಕೂತಿದ್ದ ಅವ್ವನಿಗೆ ಹೇಗೋ ಕೇಳಿಸಿತು.

"ಹಸಿ ಸೊಪ್ಪ? ಎಮ್ಮೆಗಾಕ ಹಂಗ? ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಿ, ಬ್ಯಾಡಗಿ ಮೆಣಸಿನ್ಕಾಯಿ ಮುರುದಾಕಿ!"

ಇಟಲಿ ಅಲ್ಲಿಗೆ ಸೋತಿತು. ಒಗ್ಗರಣೆಯಲ್ಲಿ ಬಾಡಿಸಿದ ಬೆರಕೆ ಸೊಪ್ಪು ಪಿಜ್ಜಾದ ಮೇಲೆ ಕೂತಿತು. ನಿಮ್ಮಿ ಮೊದಲ ತುಂಡು ತಿಂದು, "ದೊಡ್ಡಮ್ಮ ಮಾಡಿದ್ದಕ್ಕಿಂತ ಚೆನ್ನಾಗಿದೆ" ಎಂದು ಘೋಷಿಸಿತು.

ಅವ್ವನಿಗೊಂದು ತುಂಡು ತಟ್ಟೆಗೆ ಹಾಕಿಕೊಂಡು ಹೊರಟವಳು ಹೊಸಿಲ ಹತ್ತಿರವೇ ನಿಂತುಬಿಟ್ಟೆ. ಮನೆ ಶುದ್ಧ ಎಂದು ಇನ್ನು ಯಾವ ಬಾಯಿಂದ ಹೇಳಲಿ? ಹೇಳದೆ ತಿನ್ನಿಸಿದರೆ ಅದು ಮೋಸ. ಹೇಳಿದರೆ ಎಲ್ಲ ಮುಗಿಯಿತು. ಲಿಸಿ ಎಂದಿನ ನೀರಿನ ಲೋಟವನ್ನು ಅವತ್ತು ಇಟ್ಟಿರಲಿಲ್ಲ. ಆ ಗಡಿಬಿಡಿಯಲ್ಲಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಮರೆತಿದ್ದಳು.

ಅವ್ವ ಚೊಂಬಿನ ತಿರುಪು ಬಿಚ್ಚಿ, ಎತ್ತಿ ಬಾಯಿಗೆ ಬಗ್ಗಿಸಿದಳು. ಎರಡು ಹನಿ ಬಿತ್ತು. ಬಿಸಿಲಲ್ಲಿ ಕೂತು ಎಲ್ಲ ಕುಡಿದು ಮುಗಿಸಿದ್ದಳು.

"ತಡಿಯವ್ವ, ಎದುರು ಮನೆಯಿಂದ ತತ್ತೀನಿ" ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಮ್ಮಿ, ಈ ಮನೇಲಿ ನೀರ್ ಬರಲ್ವ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವಳು ಒಳಗಿನ ಕಡೆ ಕತ್ತು ಚಾಚಿ ಕೂಗಿದ್ದಳು. "ಲಿಸೀ... ಒಂದ್ ಲೋಟ ನೀರ್ ಕೊಡವ್ವ."

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಲಿಸಿ ಬಂದಳು. ಓಡಿ ಬಂದ ರಭಸಕ್ಕೆ ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಹೊರಗೆ ಎಲ್ಲಿ ಹೋದರೂ ಎತ್ತಿ ಕುಡಿಯುವ ನನ್ನ ಅವ್ವ, ಆ ಲೋಟವನ್ನು ತುಟಿಗೆ ಕಚ್ಚಿಕೊಂಡು ತಳ ಕಾಣುವ ತನಕ ಕುಡಿದಳು. ಮಾದೇಶ ಬಾಗಿಲ ಮರೆಗೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಮುಚ್ಚುಮರೆಯಿಲ್ಲದೆ ಅತ್ತೆ, ಮೂಗು ಸೋರಿಸಿಕೊಂಡು. ಕೆಲಸಕ್ಕೆ ಬಾರದ ಮೂಗು, ಅಷ್ಟಾದರೂ ಮಾಡಲಿ.

"ಆ ತಟ್ಟೆ ಹಿಡ್ಕೊಂಡು ಯಾಕ್ ನಿಂತ್ಕೊಂಡಿದ್ದೈ, ತಾ ಇಲ್ಲಿ" ಎಂದು ಪಿಜ್ಜಾ ಇಸಿದುಕೊಂಡು, ಒಂದು ತುತ್ತು ಮುರಿದು ತಿಂದು, "ಸೊಪ್ಪು ಚೆಂದಾಗದ. ರೊಟ್ಟಿ ಇನ್ನೊಂಚೂರು ಬೇಯ್ಬೇಕಿತ್ತು" ಎಂದಳು. ಎರಡು ತುಂಡು ತಿಂದಳು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವ, ಅವಳ ಪಕ್ಕ ನಾನು. ತೊಡೆಯ ಮೇಲೆ ಚೊಂಬು. ಊರು ದಾಟುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ಹೇಳಿಬಿಡುವುದೇ ಸೈ, ಬೈದರೆ ಬೈಸಿಕೊಂಡರಾಯಿತು.

"ಅವ್ವ, ಒಂದ್ ವಿಷ್ಯ. ಆ ಹಪ್ಪಳ..."

"ಹಪ್ಪಳಕ್ಕ ಯಾವತ್ತಾರ ಹದ್ದು ಬಂದದ್ದ ಕಂಡಿದ್ದಯಾ?" ಎಂದಳು ಅವ್ವ, ಕಿಟಕಿಯ ಹೊರಗೇ ನೋಡುತ್ತಾ. "ಅರವತ್ತು ವರ್ಷದಿಂದ ಕಾಯ್ತಿದ್ದೀನಿ, ನಾನಂತೂ ಕಾಣೆ. ಅಲ್ಲಾ, ನಿನ್ ಮೂಗು ಸತ್ತೋಗಿದ್ರ ನಂದೂ ಸತ್ತೋಗಿದ್ದದಾ?"

ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಗೊತ್ತಿದ್ದೂ ಕಾದ್ಯಾ?"

"ಮತ್ತೇನ್ ಮಾಡದು? ಆ ಕೂಸಿನ್ ದೊಡ್ಡಮ್ಮ ಅಷ್ಟ್ ದೂರದಿಂದ ಹೊತ್ಕಂಡ್ ಬಂದದ್ದಂತ, ನಿಮ್ಮಿ ಹೇಳ್ತು. ಬುಟ್ಬುಟ್ ಬಂದ್ರ ಹದ್ದಿನ್ ಪಾಲಾಯ್ತಿತ್ತು. ಲಿಸಿ ಬಂದು ನೋಡುದ್ರ ಹೊಟ್ಟ ಉರಿಯಲ್ವ?" ಸೆರಗಲ್ಲಿ ಮುಖ ಒರೆಸಿಕೊಂಡಳು. "ಮೊದಮೊದ್ಲು ನಂಗೂ ಎದ್ದೋಗವ ಅನ್ನುಸ್ತು. ಆಮೇಕ, ಎರಡು ಗಂಟ ಹೊತ್ತು ಅದ್ರ ಮುಂದನ ಕುಂತ್ಕಂಡು, ಕೊಡೆ ಹಿಡ್ದು, ಅದ್ಕ ಕಾವಲು ಕಾದವಳು ನಾನು. ಇನ್ನು ಆ ಹೆಣ್ಣು ಕೊಡ ನೀರ್ ಕುಡಿಯಕ ನಂಗ ಯಾವ ಮಡಿ ಉಳುದದ ಹೇಳು."

ಒಂಬತ್ತು ವರ್ಷ ನಾವ್ಯಾರೂ ಮಾಡಲಾಗದ ಕೆಲಸವನ್ನು ಒಂದು ಹದ್ದು ಮಾಡಿಹೋಗಿತ್ತು. ಅದು ಎತ್ತಿಕೊಂಡು ಹೋದ ಆ ಒಂದು ಬಿಲ್ಲೆ ಅದಕ್ಕೆ ಕೂಲಿಯಾಯಿತು ಎಂದುಕೊಂಡೆ.

ತೆರಕಣಾಂಬಿಯ ತಿರುವಿನಲ್ಲಿ ಬಸ್ಸು ಎತ್ತಿ ಹಾಕಿತು. ಚೊಂಬು ವಾಲಿ ಮುಚ್ಚಳದ ಸಂದಿಯಿಂದ ನನ್ನ ಸೀರೆಯ ಮೇಲೆ ತಣ್ಣಗೆ ನೀರು ಹರಿಯಿತು. ಬರಿದಾಗಿದ್ದ ಚೊಂಬು ಯಾವಾಗ ತುಂಬಿತು ಎಂದು ನಾನು ಕಣ್ಣು ಬಿಟ್ಟೆ. ಅವ್ವ ಅವಸರವಾಗಿ ತಿರುಪು ಬಿಗಿ ಮಾಡಿ, ಚೊಂಬನ್ನು ಹೊಟ್ಟೆಗೆ ಅವುಚಿಕೊಂಡು ನನ್ನ ಮೊಣಕೈ ಆಚೆ ನೂಕಿದಳು.

"ಮೆತ್ತಗ ಕೂತ್ಕ ಕಣಮ್ಮಿ, ಚೆಲ್ಲೀಯೆ. ಲಿಸಿ ತುಂಬ್ಕೊಟ್ಟಿರದು."